ರನ್‌ವೇ ಮೇಲಿನ ಜಗಲಿ

ವಿಮಾನದ ಬಯಲಿನ ಚರಿತ್ರೆ ಅಂತ ಒಂದು ಪುಸ್ತಕ ಅಚ್ಚಾಗಿದೆ. ನುಣುಪು ಕಾಗದ, ರಟ್ಟಿನ ಮೇಲೆ ಬಣ್ಣದ ವಿಮಾನ. ಹೊಸ ರನ್‌ವೇ ಶುರುವಾದ ದಿನ ಕಲ್ಲು ಹೆಕ್ಕುವ ಹೆಂಗಸರಿಗೂ ಒಂದೊಂದು ಕೊಟ್ಟರು. ನಾನು ಏಳನೇ ಕ್ಲಾಸು ಓದಿದವಳು, ಒಂದಕ್ಷರ ಬಿಡದೆ ಓದಿದೆ. ಯಾವ ಯುದ್ಧಕ್ಕೆ ಎಷ್ಟು ವಿಮಾನ ಹಾರಿದವು, ಯಾವ ದೊಡ್ಡ ಮನುಷ್ಯ ಯಾವತ್ತು ಬಂದು ಟೀ ಕುಡಿದು ಹೋದ, ಎಲ್ಲ ಇದೆ. ಊರು ಮಾತ್ರ ಇಲ್ಲ. 'ಇಲ್ಲಿ ಮೊದಲು ಖಾಲಿ ಬಯಲಿತ್ತು' ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ನನಗೆ ಮೈಯೆಲ್ಲ ಉರಿದುಹೋಯಿತು, ಅದಕ್ಕೇ ಹೇಳುತ್ತಿದ್ದೇನೆ. ಹೇಳುತ್ತಿದ್ದೇನೆ ಅಂದ ಮಾತ್ರಕ್ಕೆ ಎಲ್ಲ ಅರ್ಥವಾಗಿದೆ ಅಂತ ತಿಳಿಯಬೇಡಿ. ಅರ್ಧಕ್ಕರ್ಧ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮೊದಲು ಅಲ್ಲಿ ಊರಿತ್ತು. ಅರವತ್ತನಾಲ್ಕು ಮನೆ, ಎರಡು ಬಾವಿ, ಒಂದು ಚಾವಡಿ. ನಮ್ಮತ್ತೆ ಓಬಮ್ಮ ಮದುವೆಯಾಗಿ ಆ ಊರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ, ಡಂಗುರ ಹೊಡೆದರಂತೆ. ದೊಡ್ಡ ಯುದ್ಧ ನಡೆಯುತ್ತಿದೆ, ವಿಮಾನ ಇಳಿಯುವುದಕ್ಕೆ ಜಾಗ ಬೇಕು, ಹನ್ನೊಂದು ದಿನದೊಳಗೆ ಎದ್ದು ಹೋಗಿ ಅಂತ. ಕೆಂಪು ಮುಖದ ದೊರೆಯೊಬ್ಬ ಕುದುರೆ ಮೇಲೆ ಬಂದು ಮನೆಗೊಂದು ಚೀಟಿ ಕೊಟ್ಟ. 'ಯುದ್ಧ ಮುಗಿಯುವ ತನಕ' ಅಂತ ಅದರಲ್ಲಿ ಬರೆದಿತ್ತು. ಜನ ಸಾಮಾನು ಹೊತ್ತುಕೊಂಡು ಬಯಲಿನ ಅಂಚಿಗೆ ಹೋಗಿ ಗುಡಿಸಲು ಹಾಕಿಕೊಂಡರು. ಇತ್ತ ಮನೆಗಳನ್ನು ಕೆಡವಿ, ಗೋಡೆಯ ಕಲ್ಲನ್ನೇ ಜಜ್ಜಿ ಕೆಳಗೆ ಹಾಸಿ, ಮೇಲೆ ಕಾಂಕ್ರೀಟು ಸುರಿದರು. ಯುದ್ಧ ಮುಗಿಯಿತು, ದೊರೆ ಹೋದ. ಮುಗಿಯಿತು ಅಂತ ಇನ್ನೊಂದು ಚೀಟಿ ಕೊಡುವುದಕ್ಕೆ ಮಾತ್ರ ಯಾರೂ ಬರಲಿಲ್ಲ. ಆಮೇಲೆ ನಮ್ಮದೇ ಸರ್ಕಾರದ ದಂಡು ಬಂತು, ಇನ್ನೆರಡು ಯುದ್ಧ ಬಂದು ಹೋದವು, ನಡುವೆ ಕೆಲವು ವರ್ಷ ವಿಮಾನವೇ ಬಾರದೆ ರನ್‌ವೇ ಬಿರುಕಿನ ಹುಲ್ಲಿಗೆ ಮೇಕೆ ಬಿಡುತ್ತಿದ್ದರು. ಚೀಟಿಯ ಪ್ರಕಾರ ಆ ಮೊದಲನೇ ಯುದ್ಧ ಇನ್ನೂ ನಡೆಯುತ್ತಲೇ ಇತ್ತು.

ಮನೆ ಕೆಡವಿದರು ಅಂದೆನಲ್ಲ, ಅದು ಕಣ್ಣಿಗೆ ಮಾತ್ರ. ಊರಿನವರ ಹಣೆಗೆ, ಮೊಣಕಾಲಿಗೆ, ಬೆನ್ನಿಗೆ ಗೋಡೆಗಳು ಇದ್ದ ಹಾಗೇ ಇದ್ದವು. ಇದು ಗೊತ್ತಾಗಿದ್ದು ಕಲ್ಲು ಹೆಕ್ಕುವ ದಿನ. ವಿಮಾನಕ್ಕೆ ದೊಡ್ಡ ಶತ್ರು ಅಂದರೆ ಸಣ್ಣ ಕಲ್ಲು. ಚಕ್ರಕ್ಕೆ ಸಿಕ್ಕರೆ ಒಂದು ಕಷ್ಟ, ಯಂತ್ರದೊಳಗೆ ಹೋದರೆ ಇನ್ನೊಂದು ಕಷ್ಟ. ಅದಕ್ಕೇ ವಿಮಾನ ಹಾರುವ ಮೊದಲು ಜನ ಅಡ್ಡಸಾಲಾಗಿ ನಿಂತು, ಈ ತುದಿಯಿಂದ ಆ ತುದಿಯ ತನಕ ತಲೆ ತಗ್ಗಿಸಿ ನಡೆಯುತ್ತ, ಕಂಡ ಕಲ್ಲು, ಮೊಳೆ, ತಂತಿಚೂರು ಎಲ್ಲ ಹೆಕ್ಕಿ ಚೀಲಕ್ಕೆ ಹಾಕಿಕೊಳ್ಳಬೇಕು. ದೊರೆ ಈ ಕೆಲಸಕ್ಕೆ ಊರಿನವರನ್ನೇ ಕರೆದ, ನೇರವಾಗಿ ನಡೆಯಿರಿ ಅಂದ. ನೇರವಾಗಿ ನಡೆದರು. ಇಪ್ಪತ್ತೆರಡು ಜನರ ಹಣೆ ಒಡೆಯಿತು. ದೊರೆ ಬಂದು ಕೈಯಾಡಿಸಿ ನೋಡಿದ, ಏನೂ ಸಿಗಲಿಲ್ಲ. ಅವನೂ ಅವನ ಕುದುರೆಯೂ ಗೋಡೆಯೊಳಗಿಂದಲೇ ಹೋಗಿ ಬಂದರು. ವಿಮಾನಗಳಿಗೂ ಏನೂ ತಗಲುತ್ತಿರಲಿಲ್ಲ. ಕೊನೆಗೆ ಅವನು ಒಂದು ನಕ್ಷೆ ಬರೆಸಿದ. ಸಾಲು ಎಲ್ಲಿ ಒಡೆಯಬೇಕು, ಯಾರು ಯಾವ ಬಾಗಿಲಿನಿಂದ ಒಳಗೆ ಹೋಗಿ ಹೆಕ್ಕಿಕೊಂಡು ಬರಬೇಕು, ಯಾವ ಓಣಿಯಲ್ಲಿ ಎಲ್ಲರೂ ಮತ್ತೆ ಕೂಡಿಕೊಳ್ಳಬೇಕು ಅಂತ. ಆ ನಕ್ಷೆ ಕೈಯಿಂದ ಕೈಗೆ ಬಂತು. ಹೊಸದಾಗಿ ಬಂದ ಪ್ರತಿ ಆಫೀಸರೂ ಮೊದಲ ವಾರ ಕೂಗಾಡುತ್ತಿದ್ದ, ಎರಡನೇ ವಾರ ನಕ್ಷೆ ಎಲ್ಲಿ ಅಂತ ಕೇಳುತ್ತಿದ್ದ.

ಊರು ಹೋದ ಮೇಲೆ ಹುಟ್ಟಿದ ಮಕ್ಕಳಿಗೂ ಗೋಡೆ ಮುಟ್ಟುತ್ತಿತ್ತು. ಮದುವೆಯಾಗಿ ಬಂದ ಹೆಣ್ಣುಮಕ್ಕಳದು ಒಬ್ಬೊಬ್ಬರದು ಒಂದೊಂದು ಥರ. ಕೆಲವರಿಗೆ ಮೂರು ತಿಂಗಳಿಗೇ ಮುಟ್ಟುತ್ತಿತ್ತು, ಕೆಲವರಿಗೆ ಮೊದಲ ಬಾಣಂತನ ಮುಗಿಯಬೇಕಾಗಿತ್ತು. ಮುಟ್ಟಿದ ದಿನ ಹಣೆಯ ಬುಗುಟಿಗೆ ಅರಿಸಿನ ಹಚ್ಚಿ ಕೇರಿಗೆಲ್ಲ ಬೆಲ್ಲ ಹಂಚುತ್ತಿದ್ದರು. ಅಲ್ಲಿಯ ತನಕ ಅವಳು ಬೇರೆ ಊರಿನವಳು. ನಾನು ಮಾರಕ್ಕ, ಓಬಮ್ಮನ ದೊಡ್ಡ ಮಗ ಪಾಲಯ್ಯನ ಹೆಂಡತಿಯಾಗಿ ಬಂದವಳು. ಮೂವತ್ತೊಂದು ವರ್ಷವಾದರೂ ನನಗೆ ಮುಟ್ಟಲಿಲ್ಲ.

ಬಂದ ಐದನೇ ದಿನ ಅತ್ತೆ ನನ್ನನ್ನು ಸಾಲಿಗೆ ಕರೆದುಕೊಂಡು ಹೋದಳು. ಕಣ್ಣ ಮುಂದೆ ಬಟಾಬಯಲು. ನನ್ನ ಪಾಡಿಗೆ ನಾನು ತಲೆ ತಗ್ಗಿಸಿ ನಡೆಯುತ್ತಿದ್ದೆ. ಹಿಂದಿನಿಂದ ಅತ್ತೆ ಕೂಗಿದಳು.

"ಏಯ್, ನಿಂತ್ಕಳೇ. ದೇವ್ರ ಮನೆ ಗೋಡೆ ತೂರ್ಕಂಡು ಬಂದ್ಯಲ್ಲೇ, ಬಾಗ್ಲು ಕಾಣ್ಲಿಲ್ವಾ ನಿಂಗೆ?"

"ಎಲ್ಲೈತತ್ತೆ ಬಾಗ್ಲು?" ಅಂದೆ.

ಸಾಲಿಗೆ ಸಾಲೇ ನಕ್ಕಿತು. ನನಗೆ ಅವಮಾನ ಆಯಿತು, ಸಿಟ್ಟೂ ಬಂತು. ಇಲ್ಲದ ಬಾಗಿಲನ್ನು ನಾನು ಎಲ್ಲಿಂದ ತರಲಿ? ಆಮೇಲೆ ಎಲ್ಲರನ್ನೂ ನೋಡಿ ನೋಡಿ ಕಲಿತೆ. ಅವರು ಎಲ್ಲಿ ತಿರುಗಿದರೆ ನಾನೂ ಅಲ್ಲಿ ತಿರುಗಿದೆ, ಎಲ್ಲಿ ಕಾಲು ಎತ್ತಿ ದಾಟಿದರೆ ನಾನೂ ಎತ್ತಿದೆ. ನಮ್ಮ ಮನೆಯೊಳಗೆ ಹೆಕ್ಕುವ ಪಾಳಿ ನನ್ನದು ಮತ್ತು ಅತ್ತೆಯದು. ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಬಾಗಿಲು ಗಿಡ್ಡ, ಬಗ್ಗು, ಇದು ನಡುಮನೆ, ಇದು ಬಾಣಂತಿ ಕೋಣೆ, ಇದು ಒರಳು, ಎಡವಬೇಡ, ಇಲ್ಲಿ ಗೋಡೆಯಲ್ಲಿ ಗೂಡು ಇದೆ, ಇದರೊಳಗೆ ನಾನು ಬಳೆ ಇಡುತ್ತಿದ್ದೆ. ಒಂದು ವರ್ಷವೂ ಪೂರ್ತಿ ಬಾಳದ ಆ ಮನೆಯನ್ನು ಅವಳು ಇಂಚಿಂಚೂ ಬಲ್ಲವಳಾಗಿದ್ದಳು. ನನಗೆ ಕೈಗೂ ಕಾಲಿಗೂ ಏನೂ ಸಿಗದಿದ್ದರೂ ಕೇಳಿ ಕೇಳಿ ಬಾಯಿಪಾಠವಾಯಿತು. ಅವಳ ಗಂಡುಮಕ್ಕಳು ಮಾತ್ರ ಯಾವತ್ತೂ ಅದನ್ನೆಲ್ಲ ಕೇಳಿಸಿಕೊಂಡವರಲ್ಲ. ನನ್ನ ಮೈದುನ ಬೋರಯ್ಯನಂತೂ ಒಳಗೆ ಬಂದದ್ದೇ ಕಡಿಮೆ, ಅವನದೇನಿದ್ದರೂ ಜಗಲಿ.

ಜಗಲಿಯದ್ದೇ ನನ್ನ ದೊಡ್ಡ ಸಂಕಟ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಎಲ್ಲರೂ ಅವರವರ ಮನೆಯ ಜಗಲಿಗೆ ಹೋಗಿ ಕೂರುತ್ತಿದ್ದರು. ನೋಡುವವರಿಗೆ ಜನ ನೆಲದಿಂದ ಒಂದೂವರೆ ಅಡಿ ಮೇಲೆ, ಗಾಳಿಯಲ್ಲಿ, ಕಾಲು ಇಳಿಬಿಟ್ಟುಕೊಂಡು ಮುದ್ದೆ ಮುರಿಯುತ್ತಿರುವ ಹಾಗೆ ಕಾಣುತ್ತಿತ್ತು. ನಾನು ಕೆಳಗೆ ಕಾದ ಕಾಂಕ್ರೀಟಿನ ಮೇಲೆ ಗೋಣಿಚೀಲ ಹಾಸಿಕೊಂಡು ಅವರ ಪಾದಗಳ ಹತ್ತಿರ ಕೂರಬೇಕು. ಅವರ ಮಾತೆಲ್ಲ ನನ್ನ ತಲೆಯ ಮೇಲೆ ಹೋಗುತ್ತಿತ್ತು. ಒಂದೊಂದು ದಿನ ನನ್ನ ಗಂಡ ಇಳಿದು ಬಂದು ನನ್ನ ಪಕ್ಕ ಕೂರುತ್ತಿದ್ದ. ಅತ್ತೆ ಮೇಲಿನಿಂದ, "ಮನೆ ಇದ್ದೂ ಬೀದೀಲಿ ಕೂತವ್ನೆ ನೋಡು" ಅನ್ನುತ್ತಿದ್ದಳು. ನನಗೆ ಅಳು ಬರುತ್ತಿತ್ತು. ಅಳುವುದು ಕಂಡರೆ ಇನ್ನೂ ಕೀಳಾಗುತ್ತೇನೆ ಅಂತ ಮುದ್ದೆಯನ್ನೇ ನುಂಗುತ್ತಿದ್ದೆ.

ಉಪಯೋಗಕ್ಕೆ ಬರದವಳೇನಲ್ಲ ನಾನು. ಪಟೇಲರ ಮನೆಯವರು ಊರು ಬಿಡುವಾಗ ಬಾಗಿಲಿಗೆ ಬೀಗ ಹಾಕಿ ಕೀಲಿಕೈ ಸಮೇತ ಎಲ್ಲಿಗೋ ಹೋಗಿದ್ದರು. ಊರಿನವರು ಯಾರೂ ಅದರೊಳಗೆ ಹೋಗುವ ಹಾಗಿರಲಿಲ್ಲ. ಆ ಮನೆಯಷ್ಟು ಜಾಗದ ಕಲ್ಲು ಹೆಕ್ಕುವುದು ನನ್ನ ಕೆಲಸವಾಯಿತು. ಬೇರೆ ಸೊಸೆಯರು ಬರುತ್ತಿದ್ದರು, ಒಂದೆರಡು ವರ್ಷ ನನ್ನ ಜೊತೆ ಗೋಡೆ ತೂರಿ ಹೋಗುತ್ತಿದ್ದರು, ಒಂದು ದಿನ ಅವರ ಹಣೆ ಊದುತ್ತಿತ್ತು, ನನ್ನ ಕೈಗೂ ಒಂದು ಚೂರು ಬೆಲ್ಲ ಬೀಳುತ್ತಿತ್ತು. ಹೀಗೆ ಎಷ್ಟು ಬೆಲ್ಲ ತಿಂದಿದ್ದೇನೋ. ಅತ್ತೆ ಸಾಯುವ ಮುಂಚೆ ನನ್ನನ್ನು ಹತ್ತಿರ ಕರೆದು, "ಮುಟ್ತೇನೇ?" ಅಂದಳು. "ಮುಟ್ತು ಅತ್ತೆ, ಇವತ್ತೇ" ಅಂದೆ. ಅವಳು ನನ್ನ ಹಣೆ ಸವರಿದಳು. ಬುಗುಟು ಇರಲಿಲ್ಲ. ಕೈ ತೆಗೆದುಕೊಂಡಳು. ಅವಳು ಹೋದ ನಾಲ್ಕು ವರ್ಷಕ್ಕೆ ನನ್ನ ಗಂಡನೂ ಜ್ವರ ಬಂದು ಹೋದ. ಮಕ್ಕಳಿರಲಿಲ್ಲ. ಬಯಲಿನ ಅಂಚಿನ ಸಾಲುಮನೆಯಲ್ಲಿ ಒಂದು ಗೋಡೆಯ ಆಚೆ ಬೋರಯ್ಯ, ಅವನ ಹೆಂಡತಿ ಕಾಟಮ್ಮ, ಮೂರು ಹೆಣ್ಣುಮಕ್ಕಳು, ಈಚೆ ನಾನು.

ಹೀಗಿರುವಾಗ ಇನ್ನೂ ದೊಡ್ಡ ವಿಮಾನ ಬರುತ್ತದೆ, ರನ್‌ವೇ ಉದ್ದ ಮಾಡಬೇಕು, ದಪ್ಪ ಮಾಡಬೇಕು ಅಂತ ಆಯಿತು. ಕಾಗದ ಪತ್ರ ಹುಡುಕಿದಾಗ ಆ ಹಳೇ ಚೀಟಿ ಸಿಕ್ಕಿತು. ಜಮೀನು ಇನ್ನೂ ಊರಿನವರ ಹೆಸರಲ್ಲೇ ಇದೆ! ಸರ್ಕಾರದವರು ಬೆವರಿದರು. ದಾಮೋದರಯ್ಯ ಅನ್ನುವ ಸಾಹೇಬರನ್ನು ಕಳಿಸಿದರು. ಅವರು ರನ್‌ವೇ ಅಂಚಿನಲ್ಲಿ ಶಾಮಿಯಾನ ಹಾಕಿಸಿ, ಮೇಜು ಇಟ್ಟುಕೊಂಡು ಕೂತರು. ಅಂಚಿನ ಸಾಲುಮನೆಗಳು ಬೀಳುತ್ತವೆ, ಹಳೇ ಊರಿನ ಮನೆ ಒಂದಕ್ಕೆ ಬದಲಾಗಿ ಸರ್ಕಾರದ ಕಾಲೊನಿಯಲ್ಲಿ ಒಂದು ಹೊಸ ಮನೆ, ಒಂದು ಮನೆಗೆ ಒಂದೇ ಸಹಿ ಅಂದರು. ಸಹಿ ಹಾಕುವವರು ಮನೆಯನ್ನು ನಡೆದು ತೋರಿಸಬೇಕು. ಗೋಡೆ ಎಲ್ಲಿ, ಬಾಗಿಲು ಎಲ್ಲಿ, ಕೋಣೆ ಎಷ್ಟು, ಒಲೆ ಎಲ್ಲಿ ಅಂತ ಅವರ ನಮೂನೆಯಲ್ಲಿ ಸಾಲು ಸಾಲು ಇತ್ತು. ಸುದ್ದಿ ಹಬ್ಬಿ ಸುತ್ತಮುತ್ತಲ ಊರಿನವರೆಲ್ಲ ಬಂದು ನಮ್ಮದೂ ಮನೆ ಇತ್ತು ಅಂತ ಗಾಳಿಗೆ ಹಣೆ ಗುದ್ದಿ ಗುದ್ದಿ ಬೀಳತೊಡಗಿದಾಗ ಸಾಹೇಬರಿಗೆ ತಲೆ ಕೆಟ್ಟುಹೋಯಿತು. ಅವತ್ತಿನಿಂದ ಕಣ್ಣಿಗೆ ಬಟ್ಟೆ ಕಟ್ಟಿ, ಮೂರು ಸುತ್ತು ತಿರುಗಿಸಿ ಬಿಡುವುದು ಶುರುವಾಯಿತು.

ಮೊದಲು ಸಹಿ ಹಾಕಿದ್ದು ಚಾವಡಿ ಪಕ್ಕದ ಮನೆಯ ಸಿದ್ದಜ್ಜ. ಹೆಬ್ಬೆಟ್ಟು ಒತ್ತಿ, ಊರುಗೋಲು ತೆಗೆದುಕೊಂಡು, ಅಭ್ಯಾಸದಂತೆ ತನ್ನ ಗೋಡೆಗೆ ಒರಗಲು ಹೋದ. ಗೋಡೆ ಇರಲಿಲ್ಲ. ಸಹಿ ಬಿದ್ದ ಗಳಿಗೆಗೆ ಮನೆ ಹೋಗಿಬಿಡುತ್ತದೆ ಅಂತ ಊರಿಗೆ ಗೊತ್ತಾಗಿದ್ದು ಆಗ. ಆಮೇಲೆ ದಿನಕ್ಕೆ ಮೂರು ನಾಲ್ಕು ಮನೆ ಹೋಗುತ್ತಿದ್ದವು. ಕೆಲವರು ಅಲ್ಲೇ ಕೂತು ಅತ್ತರು. ಕೆಲವರು ತಮ್ಮ ಗೋಡೆಯಿದ್ದ ಕಡೆ ಈಚೆಯಿಂದ ಆಚೆಗೆ, ಆಚೆಯಿಂದ ಈಚೆಗೆ ಓಡಾಡಿ ನಕ್ಕರು. ಅತ್ತವರೇ ಆಮೇಲೆ ನಗುವುದನ್ನೂ ನೋಡಿದೆ. ಯಾರಿಗೆ ಸಮಾಧಾನ ಹೇಳಬೇಕು, ಯಾರ ಜೊತೆ ನಗಬೇಕು ಅಂತ ನನಗೆ ತಿಳಿಯುತ್ತಿರಲಿಲ್ಲ.

ಒಂದು ಬೆಳಗ್ಗೆ ಬೋರಯ್ಯ ನನ್ನ ಬಾಗಿಲಿಗೆ ಬಂದು ನಿಂತ. ಅವನದು ಮಾತು ಕಡಿಮೆ, ಬಂದವನು ಕತ್ತು ಕೆರೆದುಕೊಂಡು ನಿಂತಿದ್ದ.

"ಅತ್ಗೆ, ನಾಡಿದ್ದು ನಮ್ಮನೆ ಪಾಳಿ ಅಂತೆ. ನಾನು ತೋರಿಸ್ತೀನಿ, ಸಹಿ ಹಾಕ್ತೀನಿ."

"ಹಾಕು. ನಾನೆಲ್ಲಿಗೆ ಹೋಗ್ಲಿ?"

"ನಿನ್ನ ಬಿಡಾಕಾಯ್ತದಾ? ಹೊಸ ಮನೆ ಹಿಂದ್ಗಡೆ ಒಂದು ಶೀಟು ಇಳಿಸಿ ಕೊಡ್ತೀನಿ. ಇದ್ಕಂಡು ಹೋಗು."

"ಶೀಟು. ನಿಮ್ಮಣ್ಣನ ಹೆಂಡ್ತಿಗೆ ಹಿತ್ತಲಲ್ಲಿ ಶೀಟು."

"ಅಂಗಲ್ಲ ಅತ್ಗೆ. ನಿಂಗೆ ಮುಟ್ಟಾಕಿಲ್ವಲ್ಲ. ಮುಟ್ದಲೇ ಹೆಂಗೆ ತೋರಿಸ್ತಿ?"

ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಅದು ನನಗೆ ಗೊತ್ತು. ಅದರಿಂದಲೇ ಹೆಚ್ಚು ಉರಿಯಿತು. "ನಾನೂ ತೋರಿಸ್ತೀನಿ, ಹೋಗು" ಅಂದುಬಿಟ್ಟೆ. ಕಣ್ಣು ಬಿಟ್ಟರೆ ಆ ಮನೆಯ ಮೂಲೆಮೂಲೆ ಹೇಳಿಯೇನು. ಕಣ್ಣು ಕಟ್ಟಿ ತಿರುಗಿಸಿ ಬಿಟ್ಟರೆ ಉತ್ತರ ಯಾವುದು ದಕ್ಷಿಣ ಯಾವುದು? ಗೆದ್ದರೆ ನನ್ನದೇ ಒಂದು ಬಾಗಿಲು, ಸೋತರೆ ಬೋರಯ್ಯನ ಹಿತ್ತಲು, ಸುಳ್ಳುಗಾತಿ ಅನ್ನುವ ಹೆಸರು ಬೇರೆ. ನಾನು ಮುಂಗೋಪಿ, ಆಡಿದ ಮೇಲೆ ಯೋಚಿಸುವವಳು.

ಆ ದಿನವೂ ಮರುದಿನವೂ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ನಾನು ಸೆರಗು ಮುಖದ ಮೇಲೆ ಎಳೆದುಕೊಂಡು ರನ್‌ವೇ ಮೇಲೆ ನಡೆದೆ. ಆಗ ಕಾಲು ನನಗೆ ಒಂದು ವಿಷಯ ಹೇಳಿತು. ಕಾಂಕ್ರೀಟನ್ನು ಹಾಸುಗಲ್ಲಿನ ಹಾಗೆ ತುಂಡು ತುಂಡಾಗಿ ಹಾಕಿದ್ದರು. ತುಂಡು ತುಂಡಿನ ನಡುವೆ ಡಾಂಬರಿನ ಗೆರೆ. ಬಿಸಿಲಿಗೆ ಆ ಗೆರೆ ಮೆತ್ತಗಾಗಿ ಅಂಗಾಲಿಗೆ ಅಂಟುತ್ತದೆ. ಮೂವತ್ತೊಂದು ವರ್ಷ ಬರಿಗಾಲಲ್ಲಿ ನಡೆದವಳು ನಾನು. ನಮ್ಮ ನಡುಮನೆಯ ಜಾಗದಲ್ಲಿ ಒಂದು ಬಿರುಕಿದೆ, ಒಲೆಯ ಜಾಗದಲ್ಲಿ ಹೊಸ ಸಿಮೆಂಟಿನ ತೇಪೆ ಇದೆ, ಬಾಣಂತಿ ಕೋಣೆಯ ಹತ್ತಿರ ಜಲ್ಲಿ ಎದ್ದು ಚುಚ್ಚುತ್ತದೆ. ಅವರಿಗೆ ಹಣೆಗೆ ಇದ್ದದ್ದು ನನಗೆ ಅಂಗಾಲಿಗೆ ಇತ್ತು. ಇದೂ ಮುಟ್ಟಿದ ಹಾಗೇ ಅಲ್ಲವಾ ಅಂತ ಒಂದು ಗಳಿಗೆ ಅನ್ನಿಸಿತು. ಅಲ್ಲ, ಇದು ಮೋಸ ಅಂತಲೂ ಅನ್ನಿಸಿತು. ಎರಡೂ ಒಟ್ಟಿಗೇ ಅನ್ನಿಸಿದರೆ ಮನುಷ್ಯ ಏನು ಮಾಡಬೇಕು?

ನಮ್ಮ ಪಾಳಿ ಬಂತು. ಊರೆಲ್ಲ ಸುತ್ತ ನಿಂತಿತ್ತು. ಸಾಹೇಬರು ಮೊದಲು ಬೋರಯ್ಯನ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಸಿ, ತಿರುಗಿಸಿ ಬಿಟ್ಟರು. ಅವನು ನಾಲ್ಕು ಹೆಜ್ಜೆ ಅತ್ತ ಇತ್ತ ಹಾಕಿ, ಗೋಡೆ ಸಿಕ್ಕ ಕೂಡಲೇ ಅಂಗೈ ಊರಿ, ಸವರಿಕೊಂಡು ಸವರಿಕೊಂಡು ಬಾಗಿಲಿಗೆ ಬಂದ, ಬಗ್ಗಿ ಒಳಗೆ ಹೋದ. ನಡುಮನೆ ಅಳೆದು ತೋರಿಸಿದ. ಅಡುಗೆಮನೆ ಅಂದಾಗ ಅವನ ಕಾಲು ಒರಳಿಗೆ ಬಡಿಯಿತು. ಕಾಲು ಹಿಡಿದುಕೊಂಡು ನಿಂತ.

"ಒಲೆ ಎಲ್ಲಪ್ಪ?" ಅಂದರು ಸಾಹೇಬರು.

"ಗೊತ್ತಿಲ್ಲ ಸ್ವಾಮಿ. ನಮ್ಮವ್ವ ಒಳಗೆ ಬಿಡ್ತಿರಲಿಲ್ಲ."

"ಕೋಣೆ ಎಷ್ಟು?"

"ಎರಡು ಇರಬೇಕು. ಇಲ್ಲ, ಮೂರು."

ಸಾಹೇಬರು ಬರೆದುಕೊಂಡರು. ಬೋರಯ್ಯ ಹೊರಗೆ ಬಂದು ಜಗಲಿಯ ಮೇಲೆ ಕೂತು ಕಾಲು ತಿಕ್ಕಿಕೊಳ್ಳತೊಡಗಿದ. ನನ್ನನ್ನು ಕರೆದರು. ಬಟ್ಟೆ ಕಟ್ಟಿದರು. ಮೂರು ಸುತ್ತು ತಿರುಗಿಸಿ ಬಿಟ್ಟರು. ಸುಮ್ಮನೆ ನಿಂತೆ. ಬೆಳಗಿನ ಬಿಸಿಲು ಎಡಗೆನ್ನೆಗೆ ಬೀಳುತ್ತಿತ್ತು. ಕಾಲು ಸರಿಸಿದೆ, ಡಾಂಬರಿನ ಗೆರೆ ಸಿಕ್ಕಿತು. ಗೆರೆ ಹಿಡಿದು ನಡೆದೆ. ಸುಳ್ಳು ಹೇಳಲು ಬಂದವರೆಲ್ಲ ಗೋಡೆಗೆ ಹಣೆ ಗುದ್ದುತ್ತಿದ್ದರು. ತಮ್ಮ ಮನೆಯ ಗೋಡೆಗೆ ಯಾರಾದರೂ ದಿನಾ ಗುದ್ದುತ್ತಾರಾ? ಊರಿನವರು ಒಂದು ಬೆರಳಿನಷ್ಟು ಈಚೆಗೇ ನಿಲ್ಲುತ್ತಾರೆ, ಕೈ ಮುಂದೆ ಬರುತ್ತದೆ. ನಾನೂ ಹಾಗೇ ನಿಂತೆ. ಬಾಗಿಲಿಗೆ ಬಂದೆ, ಬಗ್ಗಿ ಹೊಸ್ತಿಲು ದಾಟಿದೆ. ಇದು ನಡುಮನೆ ಸ್ವಾಮಿ, ಹತ್ತು ಜನ ಸಾಲಾಗಿ ಉಣ್ಣಬಹುದು. ಇದು ಬಾಣಂತಿ ಕೋಣೆ, ಕಿಟಕಿ ಇಲ್ಲ. ಇದು ಒರಳು. ಇದು ಒಲೆ, ಎರಡು ಉರಿ. ಈ ಗೂಡಿನಲ್ಲಿ ನಮ್ಮತ್ತೆ ಬಳೆ ಇಡುತ್ತಿದ್ದಳು. ಹೇಳುತ್ತ ಹೇಳುತ್ತ ನನಗೆ ಧೈರ್ಯ ಬಂತು. ಅತ್ತೆಯ ಧ್ವನಿಯೇ ನನ್ನ ಗಂಟಲಿನಿಂದ ಬರುತ್ತಿದೆಯೇನೋ ಅನ್ನಿಸಿತು. ಆ ಧೈರ್ಯದಲ್ಲೇ ತಪ್ಪಿದೆ. ಒಲೆಯಿಂದ ಹಿಂದಿರುಗುವಾಗ ಕಾಲಿಗೆ ಜಲ್ಲಿ ಚುಚ್ಚಬೇಕಾಗಿತ್ತು, ಚುಚ್ಚಲಿಲ್ಲ. ಸುತ್ತ ನಿಂತವರು ಒಟ್ಟಿಗೆ ಉಸಿರೆಳೆದುಕೊಂಡರು. ನಾನು ಯಾವುದೋ ಗೋಡೆ ತೂರಿದ್ದೆ.

ಕಾಟಮ್ಮನ ಧ್ವನಿ ಕೇಳಿಸಿತು. "ತೂರಿದ್ಲು ಸ್ವಾಮಿ. ಅವ್ಳಿಗೆ ಮುಟ್ಟಾಕಿಲ್ಲ. ಎಲ್ಲಾ ಬಾಯಿಪಾಠ ಮಾಡ್ಕಂಡವ್ಳೆ. ಬೇಕಾದ್ರೆ ಜಗಲಿ ಮೇಲೆ ಕೂರ್ಸಿ ನೋಡಿ, ಗೊತ್ತಾಗ್ತೈತೆ."

ಸಾಹೇಬರು ನನ್ನ ಕಣ್ಣಿನ ಬಟ್ಟೆ ಬಿಚ್ಚಿಸಿದರು. ಬೆಳಕು ಕುಕ್ಕಿತು. ಎದುರಿಗೇ ಬೋರಯ್ಯ ಗಾಳಿಯಲ್ಲಿ ಕೂತಿದ್ದ. ಅವನ ಪಕ್ಕ ಒಬ್ಬರು ಕೂರುವಷ್ಟು ಜಾಗವಿತ್ತು, ಅಥವಾ ಇತ್ತು ಅಂತ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಹೋಗಿ ಕೂತರೆ ನಾನು ಧೊಪ್ಪನೆ ನೆಲಕ್ಕೆ ಬೀಳುತ್ತೇನೆ. ಮೂವತ್ತೊಂದು ವರ್ಷ ಕೆಳಗೆ ಕೂತದ್ದನ್ನು ನೋಡಿದ ಊರು ಇನ್ನೊಂದು ಸಲ ನೋಡುತ್ತದೆ, ಅಷ್ಟೇ. ನನಗೆ ನಾಚಿಕೆಯಿಂದ ಅಳು ಬಂತು.

"ಏನಪ್ಪ," ಸಾಹೇಬರು ಬೋರಯ್ಯನನ್ನೇ ಕೇಳಿದರು, "ನಿನ್ನ ಅತ್ತಿಗೇನ ಜಗಲಿ ಮೇಲೆ ಕೂರಿಸಿ ನೋಡೋಣವಾ?"

ಬೋರಯ್ಯ ಕಾಲು ತಿಕ್ಕುವುದನ್ನು ನಿಲ್ಲಿಸಿದ. ಒಂದು ಸಲ ಹೆಂಡತಿಯನ್ನು ನೋಡಿದ, ಒಂದು ಸಲ ನನ್ನನ್ನು ನೋಡಿದ.

"ಬ್ಯಾಡ ಸ್ವಾಮಿ. ನಮ್ಮನೇಲಿ ಹೆಂಗಸ್ರು ಜಗಲಿ ಮೇಲೆ ಕೂರಾಕಿಲ್ಲ."

ಊರೆಲ್ಲ ಅಲ್ಲೇ ಇತ್ತು. ಅವರವ್ವ ಸಾಯುವ ತನಕ ಅದೇ ಜಗಲಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಎಲೆ ಅಡಿಕೆ ಅಗಿದದ್ದನ್ನು ನೋಡದ ಒಬ್ಬನೂ ಅಲ್ಲಿರಲಿಲ್ಲ. ಯಾರೂ ಬಾಯಿ ಬಿಡಲಿಲ್ಲ. ಕಾಟಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಾಹೇಬರು ಪದ್ಧತಿ ಅಂದರೆ ಪದ್ಧತಿ ಅಂತ ತಲೆಯಾಡಿಸಿದರು.

"ಆಮೇಲೆ ಆ ಗೋಡೆ? ಇವರು ತೂರಿದರು ಅಂತಾರಲ್ಲ?"

"ಅಲ್ಲಿ ಗೋಡೆ ಎಲ್ಲೈತೆ ಸ್ವಾಮಿ," ಅಂದ ಬೋರಯ್ಯ. "ಹಿತ್ತಲ ಬಾಗ್ಲು ಅದು."

ಹಿತ್ತಲ ಬಾಗಿಲು ಆ ಕಡೆ ಇದೆ ಅಂತ ಅತ್ತೆ ಯಾವತ್ತೂ ಹೇಳಿರಲಿಲ್ಲ. ಅವನು ನನಗೋಸ್ಕರ ಸುಳ್ಳು ಹೇಳಿದನಾ, ಇಲ್ಲ ನಿಜವಾಗಿ ಅಲ್ಲಿ ಬಾಗಿಲಿದ್ದು ನಾನು ಅಕಸ್ಮಾತ್ತಾಗಿ ಅದರಿಂದಲೇ ಬಂದೆನಾ? ಅವನ ಮುಖ ನೋಡಿದೆ, ಗೊತ್ತಾಗಲಿಲ್ಲ. ಸಾಹೇಬರು ನಮೂನೆಯ ಮೇಲೆ ಬೆರಳಾಡಿಸಿ, ದೊಡ್ಡ ಮಗನ ಹೆಂಡತಿ, ಒಲೆ ತೋರಿಸಿದ್ದಾರೆ, ಕೋಣೆ ಮೂರೂ ತೋರಿಸಿದ್ದಾರೆ, ಬಾ ಅಮ್ಮ ಸಹಿ ಹಾಕು ಅಂದರು.

ಪೆನ್ನು ಕೈಗೆ ಬಂತು. ನನಗೆ ಬೇಕಾದದ್ದು ಇದೇ ತಾನೇ? ಆದರೆ ಕೈ ಮುಂದೆ ಹೋಗಲಿಲ್ಲ. ನಾನು ಬರೆದುಕೊಡುತ್ತಿರುವುದು ಏನನ್ನು? ನನ್ನ ಹತ್ತಿರ ಆ ಮನೆ ಯಾವತ್ತೂ ಇರಲಿಲ್ಲ. ಇದ್ದದ್ದು ಅವನ ಹತ್ತಿರ, ಅವನು ಅದರ ಮೇಲೆಯೇ ಕೂತಿದ್ದ.

"ಬೋರಾ, ಕೆಳಗಿಳಿಯಪ್ಪ," ಅಂದೆ.

"ನೀನು ಹಾಕು ಅತ್ಗೆ."

"ಇಳಿ ಅಂದ್ನಲ್ಲ."

"ಕೂತಿರ್ತೀನಿ. ಹಾಕು."

ಸಾಹೇಬರು ಗಡಿಯಾರ ನೋಡಿಕೊಂಡರು. ನಾನು ಹೆಸರು ಬರೆದೆ. ಬರೆದು ಮುಗಿಯುವಷ್ಟರಲ್ಲಿ ಸದ್ದು ಕೇಳಿಸಿತು. ಬೋರಯ್ಯ ಕಾಂಕ್ರೀಟಿನ ಮೇಲೆ ಅಂಗಾತ ಬಿದ್ದಿದ್ದ. ಯಾರೂ ನಗಲಿಲ್ಲ. ಅವನು ಎದ್ದು, ಪಂಚೆ ಕೊಡವಿ, ಹಿಂದೆ ತಿರುಗಿ ನೋಡಿದ. ಕೈ ಚಾಚಿ ಗಾಳಿಯಲ್ಲಿ ಒಂದೆರಡು ಸಲ ಆಡಿಸಿದ, ಥೇಟು ಆ ಕೆಂಪು ಮುಖದ ದೊರೆ ಹುಡುಕಿದನಂತಲ್ಲ, ಹಾಗೆ. ಆಮೇಲೆ ಯಾರ ಮುಖವನ್ನೂ ನೋಡದೆ ಸಾಲುಮನೆಯ ಕಡೆ ನಡೆದುಹೋದ.

ಆಮೇಲಿನ ದಿನಗಳಲ್ಲಿ ಅವನು ನನ್ನ ಜೊತೆ ಮಾತಾಡಲಿಲ್ಲ. ಹೊಸ ಮನೆಗೆ ನೀವೂ ಬನ್ನಿ, ಮುಂದಿನ ಕೋಣೆ ನಿಮಗೆ, ಶೀಟು ಗೀಟು ಏನೂ ಬೇಡ ಅಂತ ಕಾಟಮ್ಮನ ಹತ್ತಿರ ಹೇಳಿ ಕಳಿಸಿದೆ. ಉತ್ತರ ಬರಲಿಲ್ಲ. ಅವಳಾದರೂ ಬಂದು ಜಗಳ ಆಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಗೆದ್ದವಳು ನಾನು, ಕೀಲಿಕೈ ಸಿಗುವುದು ನನಗೆ, ಆದರೆ ಅನ್ನ ಸೇರುತ್ತಿರಲಿಲ್ಲ. ಅವನು ಯಾಕೆ ಹಾಗೆ ಹೇಳಿದ ಅಂತ ಯೋಚಿಸಿದೆ. ಅಣ್ಣನ ನೆನಪಿಗೆ ಹೇಳಿದನಾ? ಅಥವಾ ತಾನೇ ಸಹಿ ಹಾಕಿ ಮನೆ ಕಳೆದುಕೊಳ್ಳುವುದು ಬೇಡ, ಬೇರೆಯವರ ಕೈಯಿಂದ ಹೋಗಲಿ ಅಂತ ನನ್ನನ್ನು ಮುಂದೆ ಬಿಟ್ಟನಾ? ಹಾಗಾದರೆ ಅದು ಉಪಕಾರವಾ, ಅಪಕಾರವಾ? ಒಂದು ದಿನ ಹೀಗೆ ಅನ್ನಿಸುತ್ತಿತ್ತು, ಮರುದಿನ ಹಾಗೆ.

ಅರವತ್ತನಾಲ್ಕೂ ಮನೆ ಮುಗಿದವು. ಪಟೇಲರ ಕಡೆಯವನೊಬ್ಬನನ್ನು ಎಲ್ಲಿಂದಲೋ ಹುಡುಕಿ ತಂದು ಸಹಿ ಹಾಕಿಸಿದರು, ಅವನು ಕೀಲಿಕೈ ಸಮೇತ ಬಂದಿದ್ದ. ಹೊಸ ಕಾಂಕ್ರೀಟು ಸುರಿಯುವ ಯಂತ್ರಗಳು ಬಂದು ಅಂಚಿನಲ್ಲಿ ನಿಂತವು. ಅದಕ್ಕೆ ಮೊದಲು ಒಂದು ವಿಮಾನ ಕೊನೇ ಸಲ ಹಳೇ ರನ್‌ವೇ ಮೇಲೆ ಇಳಿಯಬೇಕಾಗಿತ್ತು. ನಮ್ಮನ್ನೆಲ್ಲ ಕಲ್ಲು ಹೆಕ್ಕುವುದಕ್ಕೆ ಕರೆದರು. ಸಾಲು ನಡೆಸುವ ಸಾರ್ಜೆಂಟ್ ಕೈಯಲ್ಲಿ ನಕ್ಷೆ ಇರಲಿಲ್ಲ. "ಸೀದಾ" ಅಂದ. ಆ ಬಯಲಿನ ಚರಿತ್ರೆಯಲ್ಲಿ ಮೊದಲ ಸಲ ಸಾಲು ನೇರವಾಗಿ ಹೊರಟಿತು. ಎಲ್ಲೂ ಒಡೆಯಲಿಲ್ಲ, ಯಾರೂ ತಿರುಗಲಿಲ್ಲ. ತಲೆ ತಗ್ಗಿಸಿಕೊಂಡು ಎಲ್ಲರೂ ದೇವರಮನೆ, ಅಡುಗೆಮನೆ, ಬಾವಿ, ಚಾವಡಿ ಎಲ್ಲ ತುಳಿದುಕೊಂಡು ನಡೆದರು.

ನಮ್ಮ ಮನೆಯ ಜಾಗಕ್ಕೆ ಬಂದಾಗ ನನ್ನ ಕಾಲು ನಿಂತುಬಿಟ್ಟಿತು. ಗೋಡೆ ಮುಟ್ಟಿತು ಅಂತ ಅಂದುಕೊಳ್ಳಬೇಡಿ, ಮುಟ್ಟಲಿಲ್ಲ. ಏನೂ ಇರಲಿಲ್ಲ, ಎಂದಿನ ಹಾಗೇ. ಆದರೂ ಗೋಡೆ ತುಳಿದುಕೊಂಡು ಹೋಗುವುದಕ್ಕೆ ಮನಸ್ಸು ಒಪ್ಪಲಿಲ್ಲ. ಸಾಲು ನನ್ನನ್ನು ಬಿಟ್ಟು ಮುಂದೆ ಹೋಯಿತು. ಸಾರ್ಜೆಂಟ್ ಸೀಟಿ ಊದಿದ. ನಾನು ಬಾಗಿಲಿನ ಕಡೆಗೆ ತಿರುಗಿಕೊಂಡೆ. ಆಗ ಸಾಲಿನ ಆ ಕೊನೆಯಿಂದ ಬೋರಯ್ಯ ಒಬ್ಬನೇ ಹಿಂದಕ್ಕೆ ಬರುವುದು ಕಂಡಿತು. ಬಂದವನು ನನ್ನಿಂದ ಒಂದು ಮಾರು ದೂರ ನಿಂತು ಆ ಕಡೆ ಈ ಕಡೆ ನೋಡಿದ.

"ಅತ್ಗೆ, ನಮ್ಮನೆ ಎಲ್ಲೈತೆ?"

ಅವನು ಕುಹಕಕ್ಕೆ ಕೇಳುತ್ತಿದ್ದಾನೆ ಅಂದುಕೊಂಡೆ. ಅವನ ಕಣ್ಣು ಒದ್ದೆಯಾಗಿತ್ತು.

"ಇಷ್ಟು ದಿನ ತಾನಾಗೇ ಸಿಗ್ತಿತ್ತು," ಅಂದ. "ನೆಪ್ಪಲ್ಲಿ ಇಟ್ಕಳಾದು ಬೇಕಾಗಿರಲಿಲ್ಲ. ಈಗ ಎಲ್ಲಾ ಕಡೆನೂ ಒಂದೇ ಥರ ಐತೆ. ನಿಂಗೆ ಗೊತ್ತಲ್ಲ?"

ಸಾರ್ಜೆಂಟ್ ಮತ್ತೆ ಸೀಟಿ ಊದಿದ. ಊದಿಕೊಳ್ಳಲಿ ಅಂತ ನಾನು ಬೋರಯ್ಯನ ರಟ್ಟೆ ಹಿಡಿದುಕೊಂಡೆ. ಎರಡು ತುಂಡು ಕಾಂಕ್ರೀಟು ದಾಟಿಸಿ, ಡಾಂಬರಿನ ಗೆರೆಯ ಮೇಲೆ ನಿಲ್ಲಿಸಿದೆ.

"ಇಲ್ಲೇ ಬಾಗ್ಲು. ಬಗ್ಗು," ಅಂದೆ.

ಅವನು ಬಗ್ಗಿದ. ಅಷ್ಟು ಸಾಲದಾಗಿತ್ತು, ತಲೆಯ ಮೇಲೆ ಕೈಯಿಟ್ಟು ಇನ್ನೊಂದಿಷ್ಟು ಬಗ್ಗಿಸಿದೆ.